ಟೋಪಿ ಚಾಚಾನ ಗೋಡೆಯ ಎರಡು ಪಟಗಳು

ಬಳ್ಳಾರಿಯಲ್ಲಿ ನಾನು ಬಟ್ಟೆ ಅಂಗಡಿಯ ಗುಮಾಸ್ತನಾಗಿದ್ದ ಕಾಲ. ಪಕ್ಕದ ಮಳಿಗೆಯಲ್ಲಿ ತುರ್ಕಿ ಟೋಪಿಗಳಿಗೆ ಇಸ್ತ್ರಿ ಮಾಡುವ ಚಾಚಾ ಒಬ್ಬರಿದ್ದರು. ಕರಿ ಗೊಂಡೆ ಇಳಿಬಿಟ್ಟ, ಸೆಟೆದು ನಿಲ್ಲುವ ಕೆಂಪು ಟೋಪಿ ಅದು. ಬೆವರಿಗೆ ಮೆತ್ತಗಾಗಿ ಕುಸಿದದ್ದಕ್ಕೆ ಅವರು ನೀರು ಚಿಮುಕಿಸಿ, ಕೆಂಡದ ಮೇಲೆ ಕಾದ ಹಿತ್ತಾಳೆ ಅಚ್ಚಿಗೆ ತೊಡಿಸಿ, ಮೇಲಿಂದ ಇನ್ನೊಂದು ಅಚ್ಚು ಇಳಿಸಿ ಒತ್ತುತ್ತಿದ್ದರು. ಭುಸ್ಸನೆ ಆವಿ ಎದ್ದರೆ ನಮ್ಮ ಅಂಗಡಿಯ ಸೀರೆಗಳಿಗೂ ಒದ್ದೆ ಉಣ್ಣೆಯ ವಾಸನೆ ಹತ್ತುತ್ತಿತ್ತು.

ಅವರ ಗೋಡೆಯ ಮೇಲೆ ತುರ್ಕಿ ದೇಶದ ದಂಡನಾಯಕನ ಯುದ್ಧಕಾಲದ ಪಟವಿತ್ತು. ಕುರಿಚರ್ಮದ ಎತ್ತರದ ಟೋಪಿ, ಎತ್ತಲೋ ದೂರ ನೋಡುವ ಕಣ್ಣು. ಮೊದಲ ಮಹಾಯುದ್ಧದಲ್ಲಿ ಸೋತು ಚೂರಾಗಲಿದ್ದ ದೇಶವನ್ನು ಉಳಿಸಿ, ಆಮೇಲೆ ಅದನ್ನು ಆಳಿದವನು. ಅವನು ಸತ್ತು ವರ್ಷಗಳಾಗಿದ್ದರೂ ಚಾಚಾ "ನಮ್ಮವ" ಎಂದೇ ಅನ್ನುತ್ತಿದ್ದರು. ಅಲ್ಲಿ ಹೆಣ್ಣುಮಕ್ಕಳೂ ಓದುತ್ತಾರೆಂದು ಎಲ್ಲೋ ಕೇಳಿ, ತಮ್ಮ ಒಬ್ಬಳೇ ಮಗಳನ್ನು ಹೈಸ್ಕೂಲಿಗೆ ಕಳಿಸಿದ್ದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಾರಾವಿಯ ಸಿಪಾಯಿಯೊಬ್ಬ ಊರಿಗೆ ಮರಳಿದ. ಚಾಚಾನ ಅಭಿಮಾನ ಬಲ್ಲವನು; ಆ ದೇಶದ ಗಡಿಯ ಬಜಾರಿನಲ್ಲಿ ಕೊಂಡ ಪಟವೊಂದನ್ನು ಕಾಣಿಕೆ ತಂದಿದ್ದ. ಬಿಚ್ಚಿ ನೋಡಿದರೆ ಅದೇ ಮುಖ, ತಲೆಯ ಮೇಲೆ ಮಾತ್ರ ಬಿಳಿ ದೊರೆಗಳ ಹ್ಯಾಟು!

"ಇದೇನಲೇ ಹ್ಯಾಟು? ನಮ್ ತುರ್ಕಿ ಟೋಪಿ ಎಲ್ಲೈತಿ?"

"ಅಲ್ಲಿ ಯಾರೂ ಹಾಕಂಗಿಲ್ರಿ ಚಾಚಾ. ಇವನಾ ಕಾಯ್ದೆ ಮಾಡಿ ಬಿಡಿಸ್ಯಾನ. ಹಾಕ್ಕೊಂಡ್ರ ಜೇಲು. ಹಳೀ ಅರಬ್ಬೀ ಅಕ್ಷರನೂ ತಗದು ಇಂಗ್ಲೀಷ್ ಅಕ್ಷರ ತಂದಾನ. ಓದಿದ ಮುದುಕ್ರು ಹೆಬ್ಬಟ್ಟಾಗ್ಯಾರಂತ."

"ಹಂಗಾರ ಅಲ್ಲಿ ಹುಟ್ಟಿದ್ರ ನಾ ಉಪಾಸ ಸಾಯ್ತಿದ್ನಿ!" ಎಂದು ಚಾಚಾ ನಕ್ಕರು. ನಗು ಪೂರ್ತಿ ಬರಲಿಲ್ಲ. ಆದರೂ ಅದನ್ನು ಹಳೆಯದರ ಪಕ್ಕದಲ್ಲೇ ತೂಗುಹಾಕಿದರು.

ಅದೇ ತಪ್ಪಾಯಿತು. ರಂಜಾನ್ ಹಬ್ಬಕ್ಕೆ ಮುಂಚೆ ಸಿರುಗುಪ್ಪದ ಜಮೀನುದಾರ ಸಾಹೇಬರು ತಮ್ಮ ಬಳಗದ ಟೋಪಿಗಳನ್ನೆಲ್ಲ ಬುಟ್ಟಿಯಲ್ಲಿ ಹೊರಿಸಿಕೊಂಡು ಬರುವುದು ರೂಢಿ. ಚಾಚಾನ ಒಲೆ ಉರಿಯುತ್ತಿದ್ದದ್ದೇ ಆ ಬುಟ್ಟಿಯಿಂದ. ಆ ವರ್ಷ ಬಂದ ಸಾಹೇಬರು ಗೋಡೆ ನೋಡಿದರು. ಉರ್ದುವಿನಲ್ಲಿ ಶುರುವಾದ ಮಾತು ಸಿಟ್ಟೇರಿದಂತೆ ಕನ್ನಡಕ್ಕೆ ಬಂತು.

"ಯುದ್ಧದ್ದು ಬೇಕಾರ ಇಟ್ಕಾ. ನಮ್ ಟೋಪಿ ಬಿಡಿಸಿದವನ ಆ ಹ್ಯಾಟಿಂದು ಹರದು ಒಲಿಗೆ ಹಾಕು. ಅವನ್ನ ನೋಡಿ ಮಗಳ್ನ ಸಾಲಿಗೆ ಕಳಿಸೀದಿ, ಅದನ್ನೂ ಬಿಡಸು. ಇಲ್ಲಾಂದ್ರ ಸಿರುಗುಪ್ಪದ ಒಂದ್ ಟೋಪಿನೂ ಈ ಹೊಸ್ತಿಲ ದಾಟಂಗಿಲ್ಲ."

"ಅರ್ಧಾ ಮನಿಷ್ಯಾನ್ನ ಹೆಂಗ ಇಟ್ಕಳ್ಲಿ ಸಾಹೇಬ್ರ? ದೇಶ ಉಳಿಸಿದ್ದೂ ಅದಾ ಕೈ, ಟೋಪಿ ಕಿತ್ತಿದ್ದೂ ಅದಾ ಕೈ, ಹುಡುಗ್ಯಾರಿಗೆ ಬಳಪ ಕೊಟ್ಟಿದ್ದೂ ಅದಾ ಕೈ."

"ಹಂಗಾರ ಆ ಕೈನಾ ನಿನಗ ರೊಟ್ಟಿ ಕೊಡ್ಲಿ!"

ಬುಟ್ಟಿ ಬಂದ ದಾರಿಯಲ್ಲೇ ಹೋಯಿತು.

ಅಂದಿನಿಂದ ಚಾಚಾಗೆ ಕೂತಲ್ಲಿ ಕೂರಲಾಗಲಿಲ್ಲ. ಹ್ಯಾಟಿನ ಪಟ ಇಳಿಸುವರು, ಮತ್ತೆ ಏರಿಸುವರು. ನಡುಗೋಡೆಯ ಆಚೆ ಮೊಳೆ ಬಡಿಯುವ ಸದ್ದು ಕೇಳಿದಾಗೆಲ್ಲ ನನ್ನ ಕೈಯಲ್ಲಿನ ಗಜಕಡ್ಡಿಯೂ ನಿಲ್ಲುತ್ತಿತ್ತು. "ನೀ ಏನಂತೀಯಪಾ? ಒಳ್ಳೇವನೋ ಕೆಟ್ಟವನೋ?" ಎಂದು ಬಾಗಿಲಿಗೆ ಬರುವರು, ಉತ್ತರಕ್ಕೆ ಕಾಯದೆ ಹೋಗುವರು.

ರಜೆಯ ದಿನ ನಮ್ಮೂರು ಕುರುಗೋಡಿಗೆ ಹೋದಾಗ ಜೋಳ ಹಸನು ಮಾಡುತ್ತಿದ್ದ ದೊಡ್ಡವ್ವನ ಮುಂದೆ ಇದನ್ನೆಲ್ಲ ಹೇಳಿದೆ. ಮಾತೆಂಬುದನ್ನು ನಾನು ಕಲಿತದ್ದೇ ಅವಳ ಮೊರದ ಮುಂದೆ ಕೂತು. ಅವಳು ಕೈ ನಿಲ್ಲಿಸಲಿಲ್ಲ.

"ಅಲ್ಲಲೇ, ಅಷ್ಟೆಲ್ಲಾ ಮಾಡಿದ್ನಲ್ಲಾ, ಮಂದೀನ್ನ ಕೇಳಿ ಮಾಡಿದ್ನೋ, ಬಡದು ಮಾಡಿದ್ನೋ?"

ಬಳ್ಳಾರಿಗೆ ಬಂದು ಚಾಚಾಗೆ ಅದನ್ನೇ ಒಪ್ಪಿಸಿದೆ. ಅವರು ಒಲೆಯ ಬೂದಿ ಕೆದಕುತ್ತ ಕೇಳಿಸಿಕೊಂಡರು. ಅಷ್ಟರಲ್ಲಿ ಬುತ್ತಿ ಹಿಡಿದು ಮಗಳು ಬಂದಳು.

"ಬೇಟಾ, ಸಾಲಿಗೆ ಹೋಗ್ತೀಯೇನು, ಬಿಡ್ತೀಯೇನು?"

"ಕಳಿಸುವಾಗ ಕೇಳ್ಲಿಲ್ಲ, ಈಗ ಕೇಳ್ತೀಯಲ್ಲ ಅಬ್ಬಾ! ಹೋಗ್ತೀನಿ."

ಚಾಚಾ ನನ್ನ ಕಡೆ ತಿರುಗಿ, "ನೋಡ್ದೇನು, ನಾನೂ ಅವನಾ ಅದೀನಿ" ಎಂದರು. ಆಮೇಲೆ ಮೊಳೆಯ ಸದ್ದು ಕೇಳಲಿಲ್ಲ. ಎರಡೂ ಪಟ ಗೋಡೆಯ ಮೇಲೇ ಉಳಿದವು, ಒಲೆ ಮಾತ್ರ ತಣ್ಣಗಿತ್ತು.

ಹಬ್ಬ ಇನ್ನೇನು ಬಂತು ಎನ್ನುವಾಗ ಸಾಹೇಬರು ಏನೋ ಕೆಲಸಕ್ಕೆ ನಮ್ಮ ಬೀದಿಯಲ್ಲಿ ಹಾದುಹೋದರು. ಅವರ ಟೋಪಿ ಒಂದು ಮಗ್ಗುಲಿಗೆ ಕುಸಿದು, ಗೊಂಡೆ ಕಿವಿಗೆ ಜೋತುಬಿದ್ದಿತ್ತು. ಚಾಚಾಗೆ ತಡೆಯಲಾಗಲಿಲ್ಲ. ದಡಬಡ ಎದ್ದು ಬೀದಿಗಿಳಿದು ಆ ತಲೆಗೆ ಕೈ ಚಾಚಿಯೇಬಿಟ್ಟರು. ಇನ್ನು ಗೇಣು ದೂರವಿದ್ದಾಗ ದೊಡ್ಡವ್ವನ ಮಾತು ನೆನಪಾಯಿತೋ ಏನೋ, ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು.

"ಸಾಹೇಬ್ರ, ಒಂದೀಟು ಟೋಪಿ ಕೊಡ್ತೀರೇನ್ರಿ?"

ಸಾಹೇಬರು ತಾವೇ ಟೋಪಿ ತೆಗೆದುಕೊಟ್ಟು, ತಲೆಗೆ ಕರ್ಚೀಫು ಹೊದ್ದುಕೊಂಡು, ಪಟಗಳಿದ್ದ ಗೋಡೆಗೆ ಬೆನ್ನು ಮಾಡಿ ಚಾಚಾನ ಮಳಿಗೆಯ ಹೊರಗಿನ ಮೆಟ್ಟಿಲ ಮೇಲೆ ಕೂತರು.