ತುಳುಕಿದ ಚಹಾ

ಪುಣೆಯ ಭೋಸರಿಯಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ ಹೊಸ ಲಾರಿಗಳನ್ನು ಓಡಿಸಿ ನೋಡುತ್ತಿದ್ದ ಡ್ರೈವರ್ ಬೀದರ್ ಕಡೆಯವರು. ಮಧ್ಯಾಹ್ನ ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟು, ನಿಂತೇ ರೊಟ್ಟಿ ಮುರಿಯುತ್ತಿದ್ದರು. ಕೂತ್ಕೊಳ್ಳಿ ಎಂದರೆ ಸೊಂಟಕ್ಕೆ ಕೈ ಕೊಟ್ಟು, "ಗಾಡಿ ಬಂದ್ ಮಾಡಿದ್ರೂ ಮೈಯಾಗ ಚಾಲೂನೇ ಇರ್ತದ್ರಿ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಎಂಬತ್ತರ ದಶಕದಲ್ಲಿ ನಾವೊಂದು ಸೀಟು ತಯಾರಿಸಿದೆವು. ಲಾರಿಯ ನೆಲ ಮೇಲೆದ್ದರೆ ಎಣ್ಣೆಯ ಒತ್ತಡದಿಂದ ತಾನು ಅಷ್ಟೇ ಕೆಳಗಿಳಿದು, ಕೂತವರನ್ನು ಅಲುಗದಂತೆ ಇಡುವ ಸೀಟು. ಅದನ್ನು ಲಾರಿಯಂತೆಯೇ ಕುಲುಕುವ ಯಂತ್ರದ ಮೇಲೆ ಬಿಗಿದು, ಆ ಡ್ರೈವರನ್ನು ಕೂರಿಸಿದೆವು. ಸೀಟಿನ ಅಲುಗಾಟ ತೋರಿಸುವ ಮಾಪಕದ ಮುಳ್ಳನ್ನು ಅವರು ನಂಬಲಿಲ್ಲ. ತುಂಬಿದ ಕಪ್‌ಬಸಿ ಹಿಡಿದುಕೊಂಡರು.

"ಚಹಾ ತುಳುಕಬಾರದ್ರಿ, ಅಷ್ಟ."

ಮುಳ್ಳು ಅಲುಗಲಿಲ್ಲ, ಚಹಾ ತುಳುಕಿತು. ನಾಲ್ಕು ದಿನ ನಾನು ಸೀಟಿಗೆ ಎಣ್ಣೆ ಬಿಡುವ ವಾಲ್ವು ಬಿಚ್ಚಿದೆ, ಜೋಡಿಸಿದೆ, ಮಾಪಕ ಕೆಟ್ಟಿದೆ ಎಂದು ಕೂಗಾಡಿದೆ. ಐದನೆಯ ದಿನ ಸಿಟ್ಟಿನಲ್ಲಿ ನಾನೇ ತುಂಬಿದ ಕಪ್‌ಬಸಿ ಹಿಡಿದು ಕೂತೆ. ಯಂತ್ರ ಕುಲುಕಿತು. ಒಂದು ಹನಿಯೂ ಚೆಲ್ಲಲಿಲ್ಲ.

ಅವರು ನೋಡುತ್ತಿದ್ದರು. ನಾನು ಯಂತ್ರ ನಿಲ್ಲಿಸಿ ಇಳಿದೆ. ಅವರು ನನ್ನ ಕೈಯಿಂದ ಕಪ್‌ಬಸಿ ತೆಗೆದುಕೊಂಡು ಮತ್ತೆ ಹತ್ತಿ ಕೂತರು. ಬಸಿಯ ಮೇಲೆ ಕಪ್ ಕಟಕಟ ಎನ್ನತೊಡಗಿತು. ಯಂತ್ರ ಇನ್ನೂ ನಿಂತೇ ಇತ್ತು. ಇಬ್ಬರೂ ಅದನ್ನೇ ಕೇಳಿಸಿಕೊಂಡೆವು.

"ಇನ್ನೊಂದ್ ಸ್ವಲ್ಪ ತಿರುವಿ ನೋಡ್ರಿ, ಸಾಹೇಬ್ರ" ಎಂದರು.

ನಾನು ಬಗ್ಗಿ, ನಿಂತ ಯಂತ್ರದ ಮೇಲಿದ್ದ ಸೀಟಿನ ವಾಲ್ವನ್ನು ಇನ್ನೊಂದು ಸ್ವಲ್ಪ ತಿರುವಿದೆ.