ಭಾವನ ಮೇಜಿನ ಮೆಣಸಿನ ಗಿಡಗಳು

ಲಿಫ್ಟ್ ರಿಪೇರಿ ಮಾಡುವ ನಮ್ಮ ಭಾವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯೊಳಗೆ ಮಣ್ಣು ಬರಕೂಡದೆಂದು ಅವರು ಅಡುಗೆಮನೆಯ ಮೇಜಿನ ಮೇಲೆ, ಗೊಬ್ಬರ ಕರಗಿಸಿದ ನೀರಿನ ಡಬ್ಬಿಗಳಲ್ಲೇ ಮೆಣಸಿನ ಗಿಡ ಬೆಳೆಸಿದರು. ಗಾಳಿಗೆ ಗಿಡ ಬಾಗೀತೆಂದು ಕಿಟಕಿಯನ್ನೂ ಮುಚ್ಚಿಟ್ಟರು. "ಇನ್ನು ಮೆಣಸಿನಕಾಯಿ ನಮ್ಮನೇದೇ" ಎಂದು ಕೆಲಸದ ಕಡೆಯೆಲ್ಲ ಸಾರಿಯೂ ಬಂದರು. ಗಿಡದ ತುಂಬ ಹೂ ಬಿಟ್ಟಿತು. ಒಂದೂ ಕಾಯಿ ಕಚ್ಚದೆ ಅಷ್ಟೂ ಉದುರಿತು.

"ನನ್ನ ಮಾನ ಹೋಯ್ತಲ್ಲೇ! ಗಿಡ ಮುಟ್ಟಿದ್ದು ನೀನೇ ತಾನೆ?" ಎಂದು ಭಾವ ಅಕ್ಕನ ಮೇಲೆ ಹರಿಹಾಯ್ದರು.

"ನಿಮ್ಮನ್ನ ಕಟ್ಕೊಂಡಿದೀನಿ, ಅಷ್ಟು ಖಾರ ಸಾಲದಾ ನನಗೆ?"

ಭಾವ ದಢಾರನೆ ಮೇಜು ಗುದ್ದಿದರು. ವಾರವಿಡೀ ಹೊಸ ಹೂ ಬಿಡುವುದು, ಭಾವ ಗುದ್ದುವುದು, ಗಿಡ ನಡುಗುವುದು ನಡೆದೇ ಇತ್ತು. ಕೊನೆಗೆ ನೋಡಿದರೆ, ಗುದ್ದು ಬೀಳುವ ಕಡೆಯ ಗಿಡದಲ್ಲಿ ಪುಟ್ಟ ಕಾಯಿಗಳು!

"ಕಿಟಕಿ ಮುಚ್ಚಿ ಗಾಳಿ ತಪ್ಪಿಸಿದ್ರಿ, ಹೂವಿನ ಪುಡಿ ಉದುರ್ಲಿಲ್ಲ. ನೀವು ಗುದ್ದಿ ಅಲ್ಲಾಡಿಸಿದ್ಮೇಲೆ ಕಾಯಿ ಕಚ್ತು ನೋಡಿ," ಎಂದಳು ಅಕ್ಕ.

"ಅಂದ್ರೆ ನಾನು ಪಟ್ಟ ಕಷ್ಟ ನೀರುಪಾಲು, ಸಿಟ್ಟು ಮಾತ್ರ ಫಲ ಕೊಡ್ತು ಅಂತೀಯಾ?" ಭಾವ ಉರಿದುಬಿದ್ದು ಮತ್ತೆ ಗುದ್ದಿದರು.

"ಹಾಂ, ಹಾಗೇ ಇನ್ನೊಂದು ಹಾಕ್ರೀ. ಆ ಮೂಲೆ ಗಿಡಕ್ಕೆ ಇನ್ನೂ ತಾಗಿಲ್ಲ."