ಅಕ್ಕಿ ಡಬ್ಬದ ಬೋಲ್ಟು

ನನ್ನ ಗಂಡನಿಗೆ ಕೋವಿ ಹಿಡಿಯಲು ಕಲಿಸಿದವಳು ನಾನು. ಈ ಮಾತನ್ನು ಅವನು ಯಾವತ್ತೂ ಯಾರ ಮುಂದೆಯೂ ಹೇಳಿಲ್ಲ, ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ. ನಾನು ಕೊಡಗಿನವಳು, ನಮ್ಮ ಮನೆಯಲ್ಲಿ ಕೋವಿಯೂ ಕತ್ತಿ ಗುದ್ದಲಿಗಳ ಜೊತೆಗೇ ಇರುವ ಒಂದು ಸಾಮಾನು. ಅವನು ಧಾರವಾಡದವನು, ಮದುವೆಗೆ ಮೊದಲು ಅವನು ಗುರಿಯಿಟ್ಟು ಹೊಡೆದದ್ದು ವಸ್ತುಪ್ರದರ್ಶನದ ಬಲೂನುಗಳನ್ನು ಮಾತ್ರ.

ಅಮೆರಿಕದ ಬೇ ಏರಿಯಾದಲ್ಲಿ ಎಲ್ಲರ ಬಾಯಲ್ಲೂ ಡಾಟ್‌ಕಾಮ್ ಕುಣಿಯುತ್ತಿದ್ದ ಕಾಲ ಅದು. ಗಂಡ ಅಂಥದೇ ಒಂದು ಕಂಪನಿಯಲ್ಲಿದ್ದ. ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಇಲಿಗಳ ರಕ್ತ ಪರೀಕ್ಷಿಸುತ್ತಿದ್ದೆ. ಆ ಕೆಲಸದ ಮೊದಲ ಸಂಬಳದಲ್ಲಿ, ನನ್ನ ಹೆಸರಿನಲ್ಲಿ, ಒಂದು ರೈಫಲ್ ಕೊಂಡಿದ್ದೆ. ಕಣಿವೆಯ ಈಚೆ ಮಲಗಿ ಆಚೆ ಗುಡ್ಡದ ಜಿಂಕೆಗೆ ಗುರಿ ಹಿಡಿಯಲೆಂದೇ ಮಾಡಿದ ದೂರದ ಬೇಟೆಯ ಕೋವಿ. ಎಂಟು ವರ್ಷದಲ್ಲಿ ಅದರ ನಳಿಗೆ ಒಳಗೇ ಸವೆದುಹೋಗಿತ್ತು. ಗುಂಡುಗಳು ಒಂದು ಕಡೆ ಬೀಳುವುದನ್ನು ಬಿಟ್ಟು ಗುರಿಹಲಗೆಯ ತುಂಬ ಚೆಲ್ಲಾಪಿಲ್ಲಿಯಾಗುತ್ತಿದ್ದವು. ನಳಿಗೆ ಬದಲಿಸಲೇಬೇಕಿತ್ತು.

ಹೊಸ ನಳಿಗೆ ಹಾಕಿಸುವಾಗ ಹಳೆಯ ತೋಟಾವನ್ನೇ ಇಟ್ಟುಕೊಳ್ಳಬೇಕೆಂದಿಲ್ಲ. ಬೇರೆ ಅಳತೆಯ ತೋಟಾಕ್ಕೆ ತಕ್ಕಂತೆ ಕೊರೆಸಬಹುದು. ಜಗಳ ಶುರುವಾದದ್ದು ಅಲ್ಲೇ.

ಆ ವರ್ಷದ ಬೇಟೆಯಲ್ಲಿ ಗಂಡ ಒಂದು ಜಿಂಕೆಯ ಹಿಂಗಾಲಿಗೆ ಹೊಡೆದಿದ್ದ. ರಕ್ತದ ಜಾಡು ಹಿಡಿದು ಸಂಜೆಯವರೆಗೆ ನಡೆದೆವು, ಸಿಗಲಿಲ್ಲ. ಆ ಪ್ರಾಣಿ ಎಲ್ಲಿ ಬಿದ್ದು ಎಷ್ಟು ಹೊತ್ತು ಒದ್ದಾಡಿತೋ ಎಂದು ನನಗೆ ವಾರಗಟ್ಟಲೆ ಅನ್ನ ಸೇರಲಿಲ್ಲ. ಅವನು ಮಾತ್ರ ತೋಟಾದಲ್ಲಿ ಶಕ್ತಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟ್ರಿಗರ್ ಎಳೆಯುವ ಮೊದಲೇ ಅವನು ಒದೆತಕ್ಕೆ ಬೆಚ್ಚಿ ಕಣ್ಣು ಮುಚ್ಚುತ್ತಾನೆಂದು ನನಗೆ ಗೊತ್ತಿತ್ತು. ಹೇಳಿರಲಿಲ್ಲ. ಗಂಡಸರಿಗೆ ಇಂಥದನ್ನು ಹೇಳಬಾರದೆಂದು ನನ್ನ ತಲೆಯಲ್ಲೂ ಯಾರೋ ತುಂಬಿದ್ದರು.

ಅವನ ಅಣ್ಣ, ನನ್ನ ಭಾವ, ನಮ್ಮ ಊಟದ ಮೇಜಿನ ಮೇಲೆ ಬಂದೂಕಿನ ಪತ್ರಿಕೆ ಹರಡಿಕೊಂಡು ತೀರ್ಪು ಕೊಟ್ಟರು. ಭಾವ ಕೋವಿ ಹಿಡಿದು ಒಂದು ವರ್ಷವೂ ಆಗಿರಲಿಲ್ಲ.

"ಈಗೆಲ್ಲಾ ಮ್ಯಾಗ್ನಮ್ಮ ನಡೀತೈತಿ. ಮುನ್ನೂರ ಮ್ಯಾಗ್ನಮ್ ಹಾಕ್ಸು. ಜಿಂಕಿ ಐನೂರ ಗಜ ದೂರ ನಿಂತಿದ್ರೂ ಒಂದ ಏಟಿಗೆ ಬೀಳಬೇಕು."

ಮ್ಯಾಗ್ನಮ್ ಎಂದರೆ ದಪ್ಪ ತೋಟಾ, ಒಂದು ಹಿಡಿ ಮದ್ದು, ಹೆಗಲಿಗೆ ಕತ್ತೆಯ ಒದೆತ. ಎರಡು ವರ್ಷದ ಹಿಂದೆ ಫ್ರೀವೇಯಲ್ಲಿ ನಮ್ಮ ಕಾರು ಮುಂದಿನ ಟ್ರಕ್ಕಿಗೆ ಗುದ್ದಿದಾಗ ನನ್ನ ಬಲಗಡೆಯ ಕೊರಳೆಲುಬು ಮುರಿದು ಒಳಗೆ ಲೋಹದ ಪಟ್ಟಿ ಕೂರಿಸಿದ್ದರು. ಕಾರು ಓಡಿಸುತ್ತಿದ್ದವನು ಯಾರೆಂದು ಬೇರೆ ಹೇಳಬೇಕಿಲ್ಲ. ಮ್ಯಾಗ್ನಮ್ ಹಾಕಿಸಿದರೆ ನನ್ನ ಕೋವಿಯನ್ನು ನಾನೇ ಹೊಡೆಯಲಾರೆ. ಅದು ಆ ಮೇಜಿನ ಸುತ್ತ ಕೂತಿದ್ದ ಎಲ್ಲರಿಗೂ ಗೊತ್ತಿತ್ತು.

"ನನ್ನ ಹೆಗಲು?" ಎಂದೆ.

"ನೀ ಇನ್ನ ಯಾಕ ಹೊಡೀತಿ?" ಎಂದ ಗಂಡ, ಪತ್ರಿಕೆಯಿಂದ ತಲೆಯೆತ್ತದೆ. "ಮಗಳನ್ನ ನೋಡ್ಕೊಂಡು ಕ್ಯಾಂಪಿನಾಗ ಆರಾಮ ಇರು."

ನಾನು ಸ್ವೀಡನ್ ಸೈನ್ಯದ ನೂರು ವರ್ಷ ಹಳೆಯ ಆರೂವರೆ ಮಿಲಿಮೀಟರ್ ತೋಟಾದ ಮಾತೆತ್ತಿದೆ. ಸಣ್ಣ ಸದ್ದು, ಹೆಗಲಿಗೆ ಬರೀ ಒಂದು ತಳ್ಳು. ಆದರೆ ಅದರ ಗುಂಡು ಉದ್ದ, ತೆಳು. ಗಾಳಿಗೆ ಸುಲಭಕ್ಕೆ ಬಾಗುವುದಿಲ್ಲ, ದೂರ ಹೋದರೂ ಸೋಲುವುದಿಲ್ಲ. ಜಿಂಕೆಗೆ ಧಾರಾಳವಾಗಿ ಸಾಕು.

"ನೂರ ವರ್ಷದ್ದು?" ಭಾವ ನಕ್ಕುಬಿಟ್ಟರು. "ಎಲ್ಲಾರೂ ಹೊಸಾದರ ಹಿಂದ ಓಡಾಕತ್ತಾರ, ನೀ ಅಜ್ಜನ ಕಾಲಕ್ಕ ಹೊಂಟಿ. ನಿನಗ ತಿಳಿಯಂಗಿಲ್ಲ ಬಿಡವಾ."

ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಯುಧಪೂಜೆ ಭಾವನ ದೊಡ್ಡ ಮನೆಯಲ್ಲಿ. ಎರಡು ಕಾರು, ಮೂರು ಲ್ಯಾಪ್‌ಟಾಪು, ಅಡುಗೆಮನೆಯ ಚಾಕುಗಳು, ಅವುಗಳ ಮಧ್ಯೆ ನನ್ನ ರೈಫಲ್. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದುದರಿಂದ ನಾನು ಕೋವಿಯ ಬೋಲ್ಟನ್ನು, ಅಂದರೆ ತೋಟಾವನ್ನು ಒಳಗೆ ತಳ್ಳಿ ಬಿಗಿಹಿಡಿಯುವ ಉಕ್ಕಿನ ತುಂಡನ್ನು, ಯಾವಾಗಲೂ ಕಳಚಿ ಬೇರೆ ಇಡುತ್ತಿದ್ದೆ. ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ತಳದಲ್ಲಿ. ನಮ್ಮ ಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಕೈ ಹಾಕುತ್ತಿದ್ದವಳು ನಾನೊಬ್ಬಳೇ. ಅವತ್ತೂ ಬೋಲ್ಟ್ ಅಲ್ಲೇ ಇತ್ತು. ಕೋವಿಯಲ್ಲಿ ಬರಿದಾದ ಆ ಜಾಗದ ಮೇಲೆ ಭಾವ ಸೇವಂತಿಗೆ ಮಾಲೆ ಸುತ್ತಿದರು, ನಳಿಗೆಯುದ್ದಕ್ಕೂ ಅರಿಶಿನ ಕುಂಕುಮ ಬಳಿದರು, ಮಂಗಳಾರತಿ ಎತ್ತಿದರು. ಅಷ್ಟೆಲ್ಲ ಮಾಡಿದ ಕೈಗಳು ಕೋವಿಯನ್ನು ಒಮ್ಮೆಯೂ ಸರಿಯಾಗಿ ಮುಟ್ಟಲಿಲ್ಲ.

ಮರುದಿನ ವಿಜಯದಶಮಿ. ಒಳ್ಳೆಯ ಕೆಲಸಕ್ಕೆ ಮುಹೂರ್ತ ನೋಡಬೇಕಿಲ್ಲದ ದಿನ. ಅಣ್ಣ ತಮ್ಮ ಇಬ್ಬರೂ ನನಗೆ ಒಂದು ಮಾತೂ ಹೇಳದೆ ರೈಫಲನ್ನು ಹೂವಿನ ಸಮೇತ ಪೆಟ್ಟಿಗೆಗೆ ಹಾಕಿ ಹೇವರ್ಡ್‌ನ ಬಂದೂಕು ರಿಪೇರಿಯವನ ಬಾಗಿಲಲ್ಲಿ ಕೊಟ್ಟು, ಮುನ್ನೂರು ಮ್ಯಾಗ್ನಮ್ ಎಂದು ಚೀಟಿ ಬರೆಸಿ ಬಂದರು. ಪೂಜೆಯ ಕುಂಕುಮ ಒರೆಸಬಾರದು, ಹೂವು ಕದಲಿಸಬಾರದು ಎಂದು ಭಾವ ಪೆಟ್ಟಿಗೆಯನ್ನು ಬಿಚ್ಚಲೂ ಬಿಟ್ಟಿರಲಿಲ್ಲವಂತೆ.

ಎರಡು ದಿನ ಬಿಟ್ಟು ಮನೆಗೆ ಫೋನು ಬಂತು. ಎತ್ತಿದವಳು ನಾನು. ರಿಪೇರಿಯವನು ವಯಸ್ಸಾದ ಅಮೆರಿಕನ್, ಗೊಗ್ಗರು ಗಂಟಲು. ಕೋವಿಯ ಮೇಲಿರುವ ಕೆಂಪು ತುಕ್ಕೋ ಬಣ್ಣವೋ ಎಂದು ಮೊದಲು ಕೇಳಿದ. ಆಮೇಲೆ, ಬೋಲ್ಟ್ ಎಲ್ಲಿ, ಅದಿಲ್ಲದೆ ಕೆಲಸ ಶುರು ಮಾಡುವ ಹಾಗಿಲ್ಲ ಎಂದ. ಮ್ಯಾಗ್ನಮ್ ತೋಟಾದ ಬುಡ ದಪ್ಪ. ಬೋಲ್ಟಿನ ಮುಖವನ್ನೂ ಅಗಲಕ್ಕೆ ಕೊರೆಯಬೇಕಿತ್ತು. ಆ ಸಿಟ್ಟಿನಲ್ಲೂ ನನಗೆ ನಗು ಬಂತು.

ಅರ್ಧ ದಿನ ರಜೆ ಹಾಕಿ, ಅಕ್ಕಿಯಿಂದ ಬೋಲ್ಟ್ ತೆಗೆದು, ಬ್ರಿಡ್ಜು ದಾಟಿ ಹೇವರ್ಡ್‌ಗೆ ಹೋದೆ. ಗೋದಾಮುಗಳ ಹಿಂದೆ ಅವನ ಷೆಡ್ಡು. ಬಾಡಿದ ಸೇವಂತಿಗೆ ಮಾಲೆಯನ್ನು ಎಸೆಯದೆ ಒಂದು ಮೊಳೆಗೆ ತೂಗುಹಾಕಿದ್ದ. ನನ್ನ ಮನೆಯವರಿಗಿಂತ ಅವನಲ್ಲಿ ಹೆಚ್ಚು ಮರ್ಯಾದೆ ಇತ್ತು. ಕೋವಿ ಯಾರದೆಂದು ಕೇಳಿದ. ನನ್ನ ಹೆಸರಿನ ಕಾಗದ ಮುಂದಿಟ್ಟು, ಆರೂವರೆ ಸ್ವೀಡಿಷ್ ಎಂದೆ. ಅವನು ಬೋಲ್ಟಿನ ಮುಖ ತಿರುಗಿಸಿ ನೋಡಿ, ಇದನ್ನು ಕೊರೆಯುವುದೇ ಬೇಡ, ಒಳ್ಳೆಯ ಆಯ್ಕೆ ಎಂದು ಹಳೆಯ ಚೀಟಿಗೆ ಗೀಟು ಎಳೆದ. ಎರಡು ವರ್ಷದಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಮನೆಯಲ್ಲಿ ಬಾಯಿ ಬಿಡಲಿಲ್ಲ. ವಸಂತದಲ್ಲಿ ರೈಫಲ್ ಬಂತು. ನಳಿಗೆಯ ಮೇಲೆ ಕೆತ್ತಿದ ಅಂಕಿಯನ್ನು ಗಂಡ ಎರಡು ಸಲ ಓದಿದ.

"ಏನಿದು?"

"ನನ್ನ ಕೋವಿ," ಎಂದೆ.

ಅವನು ಕೂಗಿದ, ನಾನೂ ಕೂಗಿದೆ. ಮಗಳು ಬಾಗಿಲಲ್ಲಿ ನಿಂತು "ಸ್ಟಾಪ್ ಇಟ್" ಅಂದಳು. ನಾವು ನಿಲ್ಲಿಸಲಿಲ್ಲ.

ಮುಂದಿನ ಶನಿವಾರ ಭಾವನನ್ನೂ ಕರೆದುಕೊಂಡು ಗುಡ್ಡದ ಹಿಂದಿನ ಶೂಟಿಂಗ್ ರೇಂಜಿಗೆ ಹೋದೆವು. ಈ ಆಟಿಕೆಯಿಂದ ಏನೂ ಆಗದು ಎಂದು ತೋರಿಸಲು ಗಂಡನಿಗೆ ಸಾಕ್ಷಿ ಬೇಕಿತ್ತು. ನನಗೂ ಬೇಕಿತ್ತು. ನಾನೇ ತುಂಬಿಕೊಡುತ್ತೇನೆ ಎಂದೆ. ಮೂರು ಸಲ ತೋಟಾ ಹಾಕಿ ಕೊಟ್ಟೆ. ನಾಲ್ಕನೆಯ ಸಲ ಹಾಕಲಿಲ್ಲ. ಬರೀ ಬೋಲ್ಟ್ ಮುಚ್ಚಿ ಕೊಟ್ಟೆ. ಹೊಡೆಯುವವರು ಬೆಚ್ಚುತ್ತಾರೋ ಎಂದು ಹಿಡಿಯಲು ನಮ್ಮಪ್ಪ ನನಗೆ ಕಲಿಸಿದ್ದು ಹೀಗೇ.

ಅವನು ಟ್ರಿಗರ್ ಎಳೆದ. ಟಿಕ್ ಎಂದಿತು, ಅಷ್ಟೇ. ಸದ್ದಿಲ್ಲ, ಒದೆತವಿಲ್ಲ. ನಳಿಗೆಯ ತುದಿ ಮಾತ್ರ ನಾಲ್ಕು ಬೆರಳು ಕೆಳಗೆ ಕುಸಿಯಿತು, ಕಣ್ಣೆರಡೂ ಗಟ್ಟಿಯಾಗಿ ಮುಚ್ಚಿದ್ದವು. ಭಾವ ಎಲ್ಲವನ್ನೂ ನೋಡಿದರು.

"ಆ ಜಿಂಕೆಗೂ ಆದದ್ದು ಇದೇ," ಎಂದೆ.

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವನು ರೈಫಲನ್ನು ಮೇಜಿನ ಮೇಲಿಟ್ಟು ಕಾರಿನತ್ತ ನಡೆದ. ನಾನು ಕೂತು ಐದು ಗುಂಡು ಹೊಡೆದೆ. ಐದೂ ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಕೂತವು. ಹೆಗಲು ನೋಯಲಿಲ್ಲ.

ವಾಪಸು ಬರುವಾಗ ಫ್ರೀವೇಯಲ್ಲಿ ಅವನು ಒಂದೇ ಮಾತು ಆಡಿದ. "ನಾವಿಬ್ಬರ ಇದ್ದಾಗ ಹೇಳಬಹುದಿತ್ತಲ್ಲ." ಹೇಳಬಹುದಿತ್ತು. ಅವನೂ ತೋಟಾ ಆರಿಸುವಾಗ ನನ್ನನ್ನು ಕೇಳಬಹುದಿತ್ತು.

ಆಮೇಲೆ ಅವನು ಬೇಟೆಗೆ ಬರಲಿಲ್ಲ. ಆ ವರ್ಷದ ಜಿಂಕೆಯನ್ನು ನಾನೊಬ್ಬಳೇ ಒಂದೇ ಗುಂಡಿಗೆ ಹೊಡೆದೆ, ಒಬ್ಬಳೇ ಕುಯ್ದೆ, ಒಬ್ಬಳೇ ಹೊತ್ತು ತಂದೆ. ಅಡುಗೆ ಮಾಡಿ ಬಡಿಸಿದೆ. ಅವನು ಮೊಸರನ್ನ ಕಲಸಿಕೊಂಡ.

ಆ ಸಲದ ಆಯುಧಪೂಜೆ ನಮ್ಮ ಮನೆಯಲ್ಲೇ. ಅವನೇ ಕೋವಿಗೆ ಕುಂಕುಮ ಹಚ್ಚಿ ಮಾಲೆ ಹಾಕಿದ. ಆಮೇಲೆ ಒಂದು ಬೆರಳಿನಿಂದ ಹೂವನ್ನು ಮೆಲ್ಲಗೆ ಎತ್ತಿ ಒಳಗೆ ನೋಡಿದ. ಬೋಲ್ಟ್ ಇರಲಿಲ್ಲ. ನನ್ನ ಕಡೆ ತಿರುಗಿದ. ಅಕ್ಕಿ ಡಬ್ಬ ನನ್ನ ಹಿಂದೆಯೇ ಇತ್ತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.